ಬರ್ನ್‌ಔಟ್‌, ಹಾರ್ಡ್ ಲಾಂಚ್: ಮಸಲ್ ಕಾರಿನಲ್ಲಿ ಯಾವುದು ಏನನ್ನು ತಿನ್ನುತ್ತದೆ

ಪುಣೆಯ ಭೋಸರಿ, ಪಿಂಪ್ರಿ ಕಡೆಯ ಗ್ಯಾರೇಜುಗಳಲ್ಲಿ ಸ್ಪ್ಯಾನರ್ ಹಿಡಿದವರ ನಡುವೆ ವಿಜಯಪುರ, ಕಲಬುರಗಿ ಕಡೆಯವರು ಬೇಕಾದಷ್ಟಿದ್ದಾರೆ. ಡ್ರ್ಯಾಗ್ (ನೇರ ಹಾದಿಯ ಓಟ) ಮುಗಿಸಿ ಬಂದ ಮಸ್ಟಾಂಗ್ ಲಿಫ್ಟ್ ಏರಿದ ಕೂಡಲೇ ಅವರು ಮೊದಲು ಕೇಳುವುದು ಒಂದೇ: "ಹಿಂದ ಕುಣೀತೇನ್ರಿ?" ಹಿಂದಿನ ಚಕ್ರ ನೆಲ ಕಚ್ಚಿ, ಬಿಟ್ಟು, ಮತ್ತೆ ಕಚ್ಚುವ ವೀಲ್ ಹಾಪ್ ಆಯಿತೇ ಎಂದು. ಎಷ್ಟು ಹೊಗೆ ಬಂತು, ಎಷ್ಟು ಸೆಕೆಂಡ್ ಬಂತು ಎಲ್ಲ ಆಮೇಲೆ. ಸರಿಯಾದ ಪ್ರಶ್ನೆ ಅದೇ. ಕಾರು ಮುರಿಯುವುದು ಚಕ್ರ ಜಾರುವಾಗ ಅಲ್ಲ, ಜಾರುತ್ತಿದ್ದ ಚಕ್ರ ಗಬಕ್ಕನೆ ನೆಲ ಕಚ್ಚಿದಾಗ.

ನಿಂತಲ್ಲೇ ಹಿಂದಿನ ಚಕ್ರ ಜಾರಿಸಿ ಹೊಗೆ ಎಬ್ಬಿಸುವುದು ಬರ್ನ್‌ಔಟ್; ನಿಂತಲ್ಲಿಂದ ಪೂರ್ತಿ ಜೋರಿನಲ್ಲಿ ಹೊರಡುವುದು ಹಾರ್ಡ್ ಲಾಂಚ್. ಇಲ್ಲಿ ಹೋಲಿಕೆಗೆ ಇಟ್ಟುಕೊಂಡಿರುವುದು ಮುಂಬೈ-ಪುಣೆ ಕಡೆ ಹೆಚ್ಚಾಗಿ ಕಾಣುವ ಮಸಲ್ ಕಾರನ್ನೇ, ಅಂದರೆ ದೊಡ್ಡ ಎಂಜಿನ್ನಿನ ಅಮೆರಿಕನ್ ಕಾರನ್ನು. 2016ರಲ್ಲಿ ಭಾರತಕ್ಕೆ ಬಂದ ಮಸ್ಟಾಂಗ್ ಜಿಟಿ: 5.0 ಲೀಟರ್ ವಿ8, 515 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ), 6 ಸ್ಪೀಡ್ ಆಟೊಮ್ಯಾಟಿಕ್, ಹಿಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್. ಅಲ್ಲೊಂದು ಇಲ್ಲೊಂದು ಇರುವ ಮ್ಯಾನುವಲ್ ಕಾರುಗಳ ಮಾತೂ ಬರುತ್ತದೆ. ಓಡಿಸಿ ನೋಡಿದ್ದು ಲೋಣಾವಳದಾಚೆಯ ಆಂಬಿ ವ್ಯಾಲಿ ಏರ್‌ಸ್ಟ್ರಿಪ್‌ನಂಥ ಮುಚ್ಚಿದ ಜಾಗದಲ್ಲಿ, ಮಾಮೂಲಿ ರನ್‌ವೇ ಡಾಂಬರಿನ ಮೇಲೆ. ಬಿಚ್ಚಿ ನೋಡಿದ್ದು ಲಿಫ್ಟ್ ಮೇಲೆ.

ಮೊದಲು ಒಂದು ಲೆಕ್ಕ. 515ನ್ನು ಮೊದಲ ಗೇರಿನ 4.17ರಿಂದ, ಮತ್ತೆ ಫೈನಲ್ ಡ್ರೈವ್ (ಹಿಂದಿನ ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್‌ನ ಗೇರ್ ಅನುಪಾತ) 3.15ರಿಂದ ಗುಣಿಸಿದರೆ ಹಿಂದಿನ ಎರಡೂ ಚಕ್ರಕ್ಕೆ ಸೇರಿ ಸುಮಾರು 6,800 ನ್ಯೂಟನ್ ಮೀಟರ್ ಬರುತ್ತದೆ. 3.55ರ ಡಿಫರೆನ್ಷಿಯಲ್ ಇದ್ದರೆ 7,600. ಆದರೆ ಒಂದೂಮುಕ್ಕಾಲು ಟನ್ ತೂಕದ ಈ ಕಾರಿನ ರೋಡ್ ಟೈರುಗಳು ಒಣ ಡಾಂಬರಿನಲ್ಲಿ ಹಿಡಿದುಕೊಳ್ಳುವುದು ಹೆಚ್ಚೆಂದರೆ 3,500ರ ಆಸುಪಾಸು. ಅಲ್ಲಿಗೆ ಟೈರೇ ಫ್ಯೂಸ್. ಅದು ಜಾರಿದಷ್ಟು ಹೊತ್ತೂ ಡಿಫರೆನ್ಷಿಯಲ್‌ನಿಂದ ಚಕ್ರಕ್ಕೆ ಹೋಗುವ ಹಾಫ್‌ಶಾಫ್ಟ್, ಡಿಫರೆನ್ಷಿಯಲ್, ಗೇರ್‌ಬಾಕ್ಸ್ ಮೇಲೆ ಅರ್ಧ ಭಾರವಷ್ಟೇ ಬೀಳುತ್ತದೆ. ಡ್ರ್ಯಾಗ್ ರೇಡಿಯಲ್ (ಡ್ರ್ಯಾಗ್ ಓಟಕ್ಕೆಂದೇ ಮಾಡಿದ, ಹೆಚ್ಚು ಹಿಡಿತದ ಟೈರ್) ಹಾಕಿ, ಅಂಟು ಹೊಡೆದ ಟ್ರ್ಯಾಕಿನಲ್ಲಿ ನಿಲ್ಲಿಸಿದರೆ ಆ ಫ್ಯೂಸ್ ಕಿತ್ತು ತಂತಿ ಸುತ್ತಿದ ಹಾಗೆ. ಮುಂದಿನ ದುರ್ಬಲ ಕೊಂಡಿ ಯಾವುದೋ ಅದು ಹೋಗುತ್ತದೆ. ಅಮೆರಿಕದ ಟ್ರ್ಯಾಕುಗಳಲ್ಲಿ ಶಾಫ್ಟ್ ಮುರಿದ ವಿಡಿಯೊ ನೋಡಿ ಇಲ್ಲಿ ಹೆದರುವವರು ಈ ವ್ಯತ್ಯಾಸವನ್ನು ಗಮನಿಸುವುದಿಲ್ಲ.

ಬರ್ನ್‌ಔಟ್: ಫುಟ್‌ಬ್ರೇಕಾ, ಲೈನ್ ಲಾಕಾ?

ಫುಟ್‌ಬ್ರೇಕ್ ಎಂದರೆ ಎಡಗಾಲಲ್ಲಿ ಬ್ರೇಕ್, ಬಲಗಾಲಲ್ಲಿ ಆಕ್ಸಿಲರೇಟರ್. ಬ್ರೇಕ್ ಒತ್ತಡದ ದೊಡ್ಡ ಪಾಲು ಮುಂದಿನ ಚಕ್ರಕ್ಕೆ ಹೋಗುವುದರಿಂದ ಕಾರು ನಿಲ್ಲುತ್ತದೆ, ಹಿಂದಿನದು ತಿರುಗುತ್ತದೆ. ಆದರೆ ಹಿಂದಿನ ಪ್ಯಾಡ್‌ಗಳೂ ಡಿಸ್ಕನ್ನು ಕಚ್ಚಿಕೊಂಡೇ ಇರುತ್ತವೆ, ಅದೂ ಸ್ಪೀಡೊಮೀಟರ್ 80-100 ತೋರಿಸುವಾಗ. ಹೀಗೆ ನಾಲ್ಕಾರು ಸಲ ಮಾಡಿದ ಕಾರಿನ ಹಿಂದಿನ ಡಿಸ್ಕ್ ನೋಡಿದರೆ ನೀಲಿ ಛಾಯೆ, ಪ್ಯಾಡ್ ಮೇಲೆ ಗಾಜಿನಂಥ ಹೊಳಪು. ಬ್ರೇಕ್ ಆಯಿಲ್ ಕಥೆ ಇನ್ನೂ ಕೆಟ್ಟದು. ಡಾಟ್ 4 ಹೊಸದಿದ್ದಾಗ ಕುದಿಯಲು ಕನಿಷ್ಠ 230 ಡಿಗ್ರಿ ಬೇಕು, ನೀರು ಹೀರಿಕೊಂಡ ಮೇಲೆ 155 ಸಾಕು. ಮುಂಬೈ, ಗೋವಾದ ಎರಡು ಮಳೆಗಾಲ ಕಂಡ ಆಯಿಲ್ ಎಂದರೆ ಎರಡನೆಯ ಅಂಕಿಯ ಕಡೆಗೇ ವಾಲಿರುತ್ತದೆ. ಏರ್‌ಸ್ಟ್ರಿಪ್‌ನಲ್ಲಿ ಏನೂ ಗೊತ್ತಾಗದೆ, ಮುಂಬೈಗೆ ಮರಳುವಾಗ ಖಂಡಾಲಾ ಘಾಟ್ ಇಳಿಜಾರಿನಲ್ಲಿ ಪೆಡಲ್ ಮೆತ್ತಗಾಗುವುದು ಇದರಿಂದ.

ಲೈನ್ ಲಾಕ್ ಮುಂದಿನ ಎರಡು ಬ್ರೇಕನ್ನು ಮಾತ್ರ ಹಿಡಿದು ಹಿಂದಿನವನ್ನು ಪೂರ್ತಿ ಬಿಡುತ್ತದೆ. 2015ರ ಮಾದರಿಯಿಂದ ಮಸ್ಟಾಂಗ್ ಜಿಟಿಗೆ ಕಂಪನಿಯೇ ಕೊಟ್ಟ ಎಲೆಕ್ಟ್ರಾನಿಕ್ ಲೈನ್ ಲಾಕ್ 15 ಸೆಕೆಂಡ್ ಆದ ಮೇಲೆ ತಾನಾಗಿಯೇ ಬಿಟ್ಟುಬಿಡುತ್ತದೆ. ಮಾರುಕಟ್ಟೆಯಿಂದ ತಂದು ಹಾಕುವ, ವಿದ್ಯುತ್ತಿನಿಂದ ನಡೆಯುವ ವಾಲ್ವ್ ಆದ ಸೊಲೆನಾಯ್ಡ್‌ಗೆ ಅಂಥ ಬುದ್ಧಿ ಇಲ್ಲ, ಬಟನ್ ಹಿಡಿದಷ್ಟು ಹೊತ್ತು ಹಿಡಿದಿರುತ್ತದೆ. ಬ್ರೇಕಿನ ದೃಷ್ಟಿಯಿಂದ ನೋಡಿದರೆ ಸ್ಪರ್ಧೆಯೇ ಇಲ್ಲ, ಲೈನ್ ಲಾಕ್ ಗೆಲ್ಲುತ್ತದೆ. ಹಿಂದಿನ ಪ್ಯಾಡ್ ಮುಟ್ಟಿ ನೋಡಿದರೇ ವ್ಯತ್ಯಾಸ ತಿಳಿಯುತ್ತದೆ (ಕೈ ಹಾಕುವ ಮೊದಲು ತಣಿಯಲು ಬಿಡಿ, ಫುಟ್‌ಬ್ರೇಕ್ ಕಾರಾದರೆ ಇನ್ನೂ ಹೆಚ್ಚು ಹೊತ್ತು).

ಗೇರ್ ಎರಡನೆಯದಿರಲಿ. ಮೊದಲ ಗೇರಿನಲ್ಲಿ ಕಣ್ಣು ಮಿಟುಕಿಸುವುದರೊಳಗೆ ಎಂಜಿನ್ ರೆವ್ ಲಿಮಿಟರಿಗೆ (ಎಂಜಿನ್ ವೇಗ ಮಿತಿ ಮೀರದಂತೆ ತಡೆಯುವ ವ್ಯವಸ್ಥೆ) ಬಡಿಯುತ್ತದೆ, ಟೈರ್ ಮಾತ್ರ ಸಾಕಷ್ಟು ವೇಗವಾಗಿ ತಿರುಗಿರುವುದಿಲ್ಲ. ಎರಡರಲ್ಲಿ 4,000ದಿಂದ 5,000 ಆರ್‌ಪಿಎಂ ನಡುವೆ ಹಿಡಿದುಕೊಳ್ಳಬಹುದು. ಲಿಮಿಟರಿಗೆ ಟಕಟಕ ಬಡಿಸುತ್ತ ನಿಲ್ಲುವುದು ಕೇಳಲು ಚೆಂದ, ಈ ಎಂಜಿನ್ನಿಗೆ ಮಾತ್ರ ಒಳ್ಳೆಯದಲ್ಲ. ಇದರ ಆಯಿಲ್ ಪಂಪ್ ಗೇರುಗಳು ಲೋಹದ ಪುಡಿಯನ್ನು ಒತ್ತಿ ಮಾಡಿದವು, ಕ್ರ್ಯಾಂಕಿನ ತುದಿಯಲ್ಲೇ ಕೂತಿರುತ್ತವೆ. ಲಿಮಿಟರ್ ಹೊಡೆತ, ವೀಲ್ ಹಾಪ್ ಎರಡರಲ್ಲೂ ಕ್ರ್ಯಾಂಕ್ ಹಿಂದೆ ಮುಂದೆ ತಿರುಚಿಕೊಳ್ಳುವುದರಿಂದ ಅವು ಬಿರುಕು ಬಿಡುತ್ತವೆ. ಸೂಪರ್‌ಚಾರ್ಜರ್ ಹಾಕಿದ ಕಾರುಗಳಲ್ಲಿ ಇದು ಪ್ರಸಿದ್ಧ ಕಾಯಿಲೆ. ಅಂಥವರು ಬಿಲೆಟ್ ಸ್ಟೀಲ್ (ಗಟ್ಟಿ ಉಕ್ಕಿನ ತುಂಡಿನಿಂದ ಕಡೆದ) ಗೇರ್ ಹಾಕಿಸದೆ ಬರ್ನ್‌ಔಟ್ ಮಾತೇ ಎತ್ತಬಾರದು. ಮಾಮೂಲಿ ಎಂಜಿನ್ ಆದರೆ ಲಿಮಿಟರ್ ಬಿಟ್ಟು ಇರಿ, ಸಾಕು.

ಬರ್ನ್‌ಔಟ್‌ನಲ್ಲಿ ನಿಜವಾದ ಅಪಾಯ ಇರುವುದು ಕೊನೆಯ ಎರಡು ಸೆಕೆಂಡಿನಲ್ಲಿ. ಬರ್ನ್‌ಔಟ್‌ಗೆಂದು ನೀರು ಹಾಕಿದ ಒದ್ದೆ ನೆಲದಲ್ಲಿ ಚಕ್ರ 100ರ ವೇಗದಲ್ಲಿ ತಿರುಗುತ್ತಿದೆ, ಬ್ರೇಕ್ ಬಿಟ್ಟಿರಿ, ಕಾರು ಮುಂದೆ ಸರಿದು ಒಣ ಡಾಂಬರ್ ಸಿಕ್ಕಿತು, ಕಾಲು ಇನ್ನೂ ಪೂರ್ತಿ ಒತ್ತಿಯೇ ಇದೆ. ಚಕ್ರ, ಶಾಫ್ಟ್, ಡಿಫರೆನ್ಷಿಯಲ್ ಎಲ್ಲವೂ ಸೇರಿ ತಿರುಗುತ್ತಿದ್ದ ಜೋರು ಒಂದೇ ಏಟಿಗೆ ನಿಂತು ಹಾಫ್‌ಶಾಫ್ಟಿನ ಮೇಲೆ ಬೀಳುತ್ತದೆ. ಒದ್ದೆ ನೆಲದ ಅಂಚು ಬರುವ ಮೊದಲೇ ಆಕ್ಸಿಲರೇಟರ್ ಅರ್ಧಕ್ಕೆ ಇಳಿಸಿ, ಕಾರು ಉರುಳುತ್ತಿರುವಾಗ ನಿಧಾನಕ್ಕೆ ಪೂರ್ತಿ ಬಿಡಿ.

ಡಿಫರೆನ್ಷಿಯಲ್ ಓಪನ್ (ಒಂದು ಚಕ್ರ ಜಾರಿದರೆ ಅದೊಂದನ್ನೇ ತಿರುಗಿಸುವ ಬಗೆ) ಇದ್ದರೆ ಬರ್ನ್‌ಔಟ್ ಬೇಡವೇ ಬೇಡ. ಒಂದೇ ಚಕ್ರ ತಿರುಗುವಾಗ ಒಳಗಿನ ಸ್ಪೈಡರ್ ಗೇರುಗಳು ತಮ್ಮ ಪಿನ್ ಮೇಲೆ ಹುಚ್ಚು ವೇಗದಲ್ಲಿ ಸುತ್ತಿ, ಆಯಿಲ್ ಪದರ ಹರಿದು, ಪಿನ್ನಿಗೇ ಅಂಟಿಕೊಳ್ಳುತ್ತವೆ. ಎರಡೂ ಚಕ್ರಕ್ಕೆ ಬಲ ಕೊಡುವ, ಕ್ಲಚ್ ಪ್ಲೇಟ್ ಇರುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಇದಕ್ಕಿಂತ ವಾಸಿ, ಆದರೆ ಪ್ಲೇಟ್ ಸವೆದ ಪುಡಿಯೆಲ್ಲ ಗೇರ್ ಆಯಿಲ್‌ಗೇ ಸೇರುತ್ತದೆ. ಡ್ರೈನ್ ಪ್ಲಗ್ಗಿನ ಅಯಸ್ಕಾಂತಕ್ಕೆ ಬೂದು ಬಣ್ಣದ ಪೇಸ್ಟ್ ಅಂಟಿದ್ದರೆ ಚಿಂತೆಯಿಲ್ಲ, ಉಗುರಿಗೆ ಚುಚ್ಚುವ ಚೂರು ಸಿಕ್ಕರೆ ಹೌಸಿಂಗ್ ಬಿಚ್ಚಲೇಬೇಕು.

ಇನ್ನು, ಬರ್ನ್‌ಔಟ್ ಮಾಡಿ ಟೈರ್ ಬಿಸಿ ಮಾಡಿದರೆ ಲಾಂಚ್ ಚೆನ್ನಾಗಿ ಬರುತ್ತದೆ ಎಂಬ ನಂಬಿಕೆ. ಡ್ರ್ಯಾಗ್ ರೇಡಿಯಲ್‌ಗೆ ಅದು ನಿಜ, ತೆಳ್ಳಗೆ ಹೊಗೆ ಕಾಣಿಸಿದ ಕೂಡಲೇ ನಿಲ್ಲಿಸಿದರೆ ಸಾಕು. ರೋಡ್ ಟೈರಿಗೆ ಸುಳ್ಳು. ಅತಿಯಾಗಿ ಕಾದ ರೋಡ್ ಟೈರಿನ ಮೇಲ್ಮೈ ಜಿಡ್ಡಾಗಿ ಇನ್ನಷ್ಟು ಜಾರುತ್ತದೆ. ಬರ್ನ್‌ಔಟ್‌ಗೆಂದು ಮಾಡಿದ ನೀರಿನ ಗುಂಡಿಗೂ ಅದನ್ನು ಇಳಿಸಬಾರದು, ಟ್ರೆಡ್ ಸಂದಿನಲ್ಲಿ ಸಿಕ್ಕಿಕೊಂಡ ನೀರು ಸ್ಟಾರ್ಟ್ ಗೆರೆಯವರೆಗೂ ತೊಟ್ಟಿಕ್ಕುತ್ತದೆ. ರೋಡ್ ಟೈರ್ ಇದ್ದವರು ಗುಂಡಿಯ ಪಕ್ಕದಿಂದ ಸುತ್ತಿಕೊಂಡು ಬಂದು, ಕಲ್ಲು ಮಣ್ಣು ಉದುರುವಷ್ಟು ಒಂದೇ ಒಂದು ಒಣ ಸ್ಪಿನ್ ಕೊಟ್ಟು ಮುಂದೆ ಹೋದರೆ ಸಾಕು.

ಲಾಂಚ್: ನಾಲ್ಕು ಬಗೆ, ನಾಲ್ಕು ಬಗೆಯ ಏಟು

ಆಟೊಮ್ಯಾಟಿಕ್‌ನಲ್ಲಿ ಐಡಲ್‌ನಿಂದ ಹೊರಟು ಕಾರು ಒಂದೆರಡು ಅಡಿ ಉರುಳಿದ ಮೇಲೆ ಪೂರ್ತಿ ಒತ್ತುವುದು ಎಲ್ಲಕ್ಕಿಂತ ಸೌಮ್ಯ. ಗೇರುಗಳ ನಡುವಿನ ಸಡಿಲ ಮೊದಲೇ ಮುಚ್ಚಿಕೊಂಡಿರುತ್ತದೆ, ಏಟು ಬೀಳುವುದಿಲ್ಲ. ರನ್‌ವೇ ಡಾಂಬರಿನಲ್ಲಿ ರೋಡ್ ಟೈರ್ ಹಾಕಿಕೊಂಡು ಓಡುವಾಗ ಬಹುತೇಕ ಸಲ ಇದೇ ವೇಗವಾಗಿಯೂ ಬರುತ್ತದೆ. ಜನ ಇದನ್ನು ನಂಬುವುದಿಲ್ಲ, ಟೈಮ್ ಸ್ಲಿಪ್ ನೋಡಿದ ಮೇಲೂ.

ಫುಟ್‌ಬ್ರೇಕ್ ಲಾಂಚ್‌ನಲ್ಲಿ ಬ್ರೇಕ್ ಒತ್ತಿ 1,500ರಿಂದ 2,000 ಆರ್‌ಪಿಎಂಗೆ ಏರಿಸಿ ಬ್ರೇಕ್ ಬಿಡುತ್ತಾರೆ. ಶಾಫ್ಟುಗಳಿಗೆ ಇದು ಒಳ್ಳೆಯದೇ; ಹಿಂದಿನ ಬ್ರೇಕಿನ ವಿರುದ್ಧ ಅವು ಮೊದಲೇ ಬಿಗಿದು ನಿಂತಿರುತ್ತವೆ. ಪೆಟ್ಟು ಬೀಳುವುದು ಎಂಜಿನ್ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರಿನ ಆಯಿಲ್‌ಗೆ. ಕಾರು ನಿಂತಿರುವಾಗ ಎಂಜಿನ್ ಕೊಡುವ ಶಕ್ತಿಯೆಲ್ಲ ಅದರಲ್ಲೇ ಶಾಖವಾಗುತ್ತದೆ. ಜೋರಾಗಿ ಹಿಡಿದರೆ ಕನ್ವರ್ಟರಿನೊಳಗಿನ ಆಯಿಲ್ ಸೆಕೆಂಡಿಗೆ ಹತ್ತು ಡಿಗ್ರಿಯ ಲೆಕ್ಕದಲ್ಲಿ ಕಾಯುತ್ತದೆ. ಮೂರು ಸೆಕೆಂಡ್ ಸಾಕು, ಐದು ದಾಟಬೇಡಿ. ನಂತರ ನ್ಯೂಟ್ರಲ್‌ಗೆ ಹಾಕಿ ಎಂಜಿನ್ 1,000 ಆರ್‌ಪಿಎಂ ಮೇಲೆ ಅರ್ಧ ನಿಮಿಷ ಓಡಲಿ, ಕೂಲರಿಗೆ ಆಯಿಲ್ ಹರಿಯಲಿ. ಗೇರ್‌ಬಾಕ್ಸ್ ಆಯಿಲ್ 120 ಡಿಗ್ರಿ ದಾಟಿದರೆ ಅಂದಿನ ಆಟ ಮುಗಿಸಿ. ಈ 6 ಸ್ಪೀಡ್ ಬಾಕ್ಸಿಗೆ ಬೇಕಾದ್ದು ಮರ್ಕಾನ್ ಎಲ್‌ವಿ. 2018ರ ಮಾದರಿಯಿಂದ ಬಂದ 10 ಸ್ಪೀಡ್‌ಗೆ ಮರ್ಕಾನ್ ಯುಎಲ್‌ವಿ. ಒಂದರ ಬದಲಿಗೆ ಇನ್ನೊಂದು ನಡೆಯುವುದಿಲ್ಲ. ಡಿಪ್‌ಸ್ಟಿಕ್ಕಿನಲ್ಲಿ ಕಂದು ಬಣ್ಣ, ಸುಟ್ಟ ವಾಸನೆ ಎರಡೂ ಇದ್ದರೆ ಆಯಿಲ್ ಬದಲಿಸುವುದಷ್ಟೇ ಸಾಲದು, ಒಳಗಿನ ಕ್ಲಚ್‌ಗಳೂ ಸುಡಲು ಶುರುವಾಗಿವೆ.

ಟ್ರಾನ್ಸ್‌ಬ್ರೇಕ್ ಶಾಫ್ಟುಗಳ ಮಟ್ಟಿಗೆ ಫುಟ್‌ಬ್ರೇಕಿಗೆ ತದ್ವಿರುದ್ಧ. ಗೇರ್‌ಬಾಕ್ಸಿನ ಒಳಗೇ ಬೀಗ ಹಾಕಿ ಹಿಡಿಯುವುದರಿಂದ ಅದರ ಹಿಂದಿನ ಶಾಫ್ಟುಗಳು ಸಡಿಲವಾಗಿಯೇ ಇರುತ್ತವೆ, ಬಿಟ್ಟ ಕ್ಷಣ ಎಲ್ಲ ಭಾರ ಒಮ್ಮೆಗೇ ಬಂದು ಬಡಿಯುತ್ತದೆ. 2018ರ ಡಾಡ್ಜ್ ಚಾಲೆಂಜರ್ ಡೀಮನ್‌ಗೆ ಅದನ್ನು ಕಂಪನಿಯಿಂದಲೇ ಕೊಟ್ಟಾಗ 41 ಸ್ಪ್ಲೈನಿನ (ಶಾಫ್ಟಿನ ತುದಿಯ ಹಲ್ಲುಗಳು) ಹಾಫ್‌ಶಾಫ್ಟ್, ಗಟ್ಟಿ ಡಿಫರೆನ್ಷಿಯಲ್ ಹೌಸಿಂಗ್ ಎಲ್ಲವನ್ನೂ ಜೊತೆಗೇ ಕೊಟ್ಟಿದ್ದು ಅದಕ್ಕೇ. ಮಾಮೂಲಿ ಶಾಫ್ಟ್ ಇಟ್ಟುಕೊಂಡು ಟ್ರಾನ್ಸ್‌ಬ್ರೇಕ್ ಮಾತ್ರ ಹಾಕಿಸುವುದು ದುಡ್ಡು ಕೊಟ್ಟು ಶಾಫ್ಟ್ ಮುರಿಸಿಕೊಂಡಂತೆ.

ಮ್ಯಾನುವಲ್‌ನಲ್ಲಿ ಕ್ಲಚ್ಚಿನಿಂದ ಕಾಲು ಥಟ್ಟನೆ ತೆಗೆಯುವುದಕ್ಕಿಂತ ಕೆಟ್ಟ ಲಾಂಚ್ ಈ ಪಟ್ಟಿಯಲ್ಲೇ ಇಲ್ಲ. ಫ್ಲೈವೀಲಿನಲ್ಲಿ ಕೂಡಿಟ್ಟ ಜೋರೆಲ್ಲ ಒಂದೇ ಏಟಿಗೆ ಗೇರ್‌ಬಾಕ್ಸಿನೊಳಕ್ಕೆ ಹೋಗುತ್ತದೆ. 3,000ದ ಆಸುಪಾಸಿನಲ್ಲಿ ಹಿಡಿದು, ಒಂದು ಸೆಕೆಂಡಿನಷ್ಟು ಕ್ಲಚ್ ಜಾರಿಸಿ ಬಿಡುವುದು ವಾಸಿ. ಕ್ಲಚ್ ಸವೆಯುತ್ತದೆ, ನಿಜ. ಆದರೆ ಸವೆಯಲೆಂದೇ ಮಾಡಿದ ಭಾಗ ಅದೊಂದೇ.

ಕುಣಿತ

ಹಾಫ್‌ಶಾಫ್ಟ್ ತಿನ್ನುವುದು ಇದೇ ವೀಲ್ ಹಾಪ್. ಟೈರ್ ನೆಲ ಕಚ್ಚಿದಾಗ ಅದರ ಪಕ್ಕೆ ತಿರುಚಿಕೊಳ್ಳುತ್ತದೆ, ಹಿಂದಿನ ಸಬ್‌ಫ್ರೇಮ್ (ಸಸ್ಪೆನ್ಷನ್, ಡಿಫರೆನ್ಷಿಯಲ್ ಹೊತ್ತ ಚೌಕಟ್ಟು) ತನ್ನ ರಬ್ಬರ್ ಬುಷ್‌ಗಳ ಮೇಲೆ ಹೊರಳುತ್ತದೆ, ಟೈರ್ ಬಿಡುತ್ತದೆ, ಎಲ್ಲ ವಾಪಸ್ ಬರುತ್ತದೆ, ಮತ್ತೆ ಕಚ್ಚುತ್ತದೆ. ಸೆಕೆಂಡಿಗೆ ಹಲವು ಸಲ. ಸೀಟಿನ ಕೆಳಗೆ ಯಾರೋ ಸುತ್ತಿಗೆಯಲ್ಲಿ ಬಡಿದಂಥ ದಡದಡ. ಪ್ರತಿ ಬಡಿತಕ್ಕೂ ಶಾಫ್ಟಿನ ಮೇಲಿನ ಟಾರ್ಕ್ ಸೊನ್ನೆಗೆ ಇಳಿದು ಮತ್ತೆ ಮೇಲಕ್ಕೆ ಹಾರುತ್ತದೆ, ಟೈರ್ ಹಿಡಿತದ ಲೆಕ್ಕವನ್ನೂ ಮೀರಿ. ಅಂಟಿಲ್ಲದ, ಅಲ್ಲಲ್ಲಿ ಉಬ್ಬಿದ ರನ್‌ವೇಯಲ್ಲಿ ಇದು ಹೆಚ್ಚು. ನಮ್ಮ ಕಡೆಯ ಕಾರುಗಳಿಗೆ ಶಕ್ತಿಗಿಂತ ದೊಡ್ಡ ಶತ್ರು ಇದು.

ಶುರುವಾದ ಕೂಡಲೇ ಕಾಲು ಪೂರ್ತಿ ತೆಗೆಯಿರಿ. ಅರ್ಧ ಬಿಟ್ಟು ಸರಿಯಾದೀತು ಅಂತ ಕಾಯುವಷ್ಟರಲ್ಲೇ ಸಿವಿ ಜಾಯಿಂಟ್ (ಹಾಫ್‌ಶಾಫ್ಟ್ ತುದಿಯ ಬಾಗುವ ಕೀಲು) ಹೋಗಿರುತ್ತದೆ. ಪರಿಹಾರದಲ್ಲಿ ಮೊದಲನೆಯದು ಸಬ್‌ಫ್ರೇಮ್ ಬುಷ್ ಲಾಕ್‌ಔಟ್ ಕಿಟ್: ರಬ್ಬರಿನ ನಡುವಿನ ಖಾಲಿ ಜಾಗ ತುಂಬುವ ತುಂಡುಗಳು. ಕೊಟ್ಟ ಹಣಕ್ಕೆ ಹೆಚ್ಚು ಫಲ ಇದರದ್ದೇ. ಎರಡನೆಯದು ಡಿಫರೆನ್ಷಿಯಲ್ ಬುಷ್. ಹಾಕಿಸಿದರೆ ಗೇರಿನ ಕುಂಯ್ ಸದ್ದು ಕ್ಯಾಬಿನ್ನಿಗೆ ಬರುತ್ತದೆ, ದಿನಾ ಓಡಿಸುವ ಕಾರಿಗೆ ಯೋಚಿಸಿ ಹಾಕಿಸಿ. ಇವೆರಡನ್ನು ಬಿಟ್ಟು ನೇರವಾಗಿ ದುಬಾರಿ ಶಾಫ್ಟ್ ತರಿಸಿದರೆ ಕುಣಿತ ಹಾಗೇ ಉಳಿದು ಏಟು ಡಿಫರೆನ್ಷಿಯಲ್‌ಗೆ ದಾಟುತ್ತದೆ. ಜನರಲ್ ಮೋಟರ್ಸ್ ಇದಕ್ಕೆ ಬೇರೆ ದಾರಿ ಹಿಡಿದಿತ್ತು: ಕ್ಯಾಡಿಲಾಕ್ ಸಿಟಿಎಸ್-ವಿಯಲ್ಲಿ ಎಡ, ಬಲ ಹಾಫ್‌ಶಾಫ್ಟುಗಳ ದಪ್ಪವನ್ನೇ ಬೇರೆ ಮಾಡಿ, ಎರಡೂ ಚಕ್ರ ಒಂದೇ ತಾಳಕ್ಕೆ ಕುಣಿಯದಂತೆ ಮಾಡಿತು.

ಮನೆಗೆ ಹೊರಡುವ ಮೊದಲು

ಹಿಂದಿನ ರಿಮ್ಮಿನ ಒಳಮೈಗೆ ಗ್ರೀಸ್ ಚಿಮ್ಮಿದೆಯೇ ನೋಡಿ. ಚಿಮ್ಮಿದ್ದರೆ ಸಿವಿ ಬೂಟ್, ಅಂದರೆ ಆ ಕೀಲಿನ ರಬ್ಬರ್ ಮುಚ್ಚಳ, ಹರಿದಿದೆ. ಡ್ರೈವ್‌ಶಾಫ್ಟಿನ ನಡುವಿನ ಬೇರಿಂಗ್ ಕೈಯಲ್ಲಿ ಅಲ್ಲಾಡಿಸಿ. ವೀಲ್ ನಟ್‌ಗಳನ್ನು 204 ನ್ಯೂಟನ್ ಮೀಟರಿಗೆ ಟಾರ್ಕ್ ರೆಂಚಿನಲ್ಲೇ ಮತ್ತೆ ಬಿಗಿಯಿರಿ. ಟೈರಿನ ಒಳ ಅಂಚು ಹೊರ ಅಂಚಿಗಿಂತ ಬೇಗ ಸವೆಯುತ್ತದೆ, ಹಾಗಾಗಿ ಬಗ್ಗಿ ಒಳಗಡೆಯೇ ನೋಡಬೇಕು, 1.6 ಮಿಲಿಮೀಟರಿಗೆ ಇಳಿದ, ಅಥವಾ ತುಂಡು ಹಾರಿಹೋದ ಟೈರಿನಲ್ಲಿ ಖಂಬಾಟಕಿ ಘಾಟ್ ಹತ್ತಿ ಬೆಳಗಾವಿಯವರೆಗೆ ಮುನ್ನೂರು ಚಿಲ್ಲರೆ ಕಿಲೋಮೀಟರ್ ಹೋಗುವ ಯೋಚನೆ ಬಿಡಿ. ಫೋರ್ಡ್ 2021ರಲ್ಲಿ ಇಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಹೇಳಿದ ಮೇಲೆ ಹಾಫ್‌ಶಾಫ್ಟಿನಂಥ ಭಾಗ ಅಂಗಡಿಯಲ್ಲಿ ಸಿಗುವುದಲ್ಲ, ಹೊರಗಿಂದ ತರಿಸಿ ಕಾಯಬೇಕು.

ವಿಮೆಯನ್ನು ನಂಬಿಕೊಂಡು ಏರ್‌ಸ್ಟ್ರಿಪ್‌ಗೆ ಹೋಗಬೇಡಿ: ನಮ್ಮ ಮೋಟಾರ್ ಪಾಲಿಸಿಗಳು ರೇಸಿಂಗ್, ಸ್ಪೀಡ್ ಟೆಸ್ಟಿಂಗ್ ಬಳಕೆಯನ್ನು ಹೊರಗಿಡುತ್ತವೆ. ಸಾರ್ವಜನಿಕ ರಸ್ತೆಯಲ್ಲಿ ಅನುಮತಿಯಿಲ್ಲದೆ ರೇಸ್ ಮಾಡಿದರೆ ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಮೊದಲ ಸಲಕ್ಕೇ 3 ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.