ಹೊಲಿಗೆ ಲೆಕ್ಕಕ್ಕೆ ಗೂಗಲ್ ಶೀಟ್ಸ್: ಕೊಡಗಿನ ಮಳೆಗಾಲಗಳನ್ನು ದಾಟಿದ ಮೇಲಿನ ವಿಮರ್ಶೆ

ಬಟ್ಟೆ, ಪ್ಯಾಟರ್ನ್ (ಕತ್ತರಿಸಲು ಇಡುವ ಕಾಗದದ ಅಚ್ಚು), ಒಪ್ಪಿಕೊಂಡ ಕೆಲಸ. ಈ ಮೂರರ ಲೆಕ್ಕ ಇಡುವುದಕ್ಕೆ ಮನೆಯಲ್ಲೇ ಹೊಲಿಯುವವರಿಗೆ ಗೂಗಲ್ ಶೀಟ್ಸ್ ಸಾಕು ಅನ್ನುವುದು ನನ್ನ ತೀರ್ಮಾನ. ದುಡ್ಡು ಕೊಡಬೇಕಿಲ್ಲ, ಹಳೇ ಫೋನಿನಲ್ಲೂ ಓಡುತ್ತದೆ, ಕನ್ನಡದಲ್ಲಿ ಬರೆಯಬಹುದು. 5ಕ್ಕೆ 4 ಕೊಡುತ್ತೇನೆ. ಆದರೆ ಹಾಳೆಯನ್ನು ಹೇಗೆ ಕಟ್ಟುತ್ತೀರಿ ಅನ್ನುವುದರ ಮೇಲೆ ಆ 4 ಎನ್ನುವುದು 2 ಕೂಡ ಆಗಬಹುದು.

ಹೊಲಿಗೆಗೆಂದೇ ಮಾಡಿದ ರೆಡಿಮೇಡ್ ಆ್ಯಪ್ ಯಾಕೆ ಬೇಡ? ಅಂಥದ್ದೊಂದನ್ನು ಬಳಸಿ ಬಿಟ್ಟಾಗಿದೆ, ಹೆಸರು ಬೇಡ. ನೋಡಲು ಬಹಳ ಚೆಂದ. ತೊಂದರೆ ಶುರುವಾಗುವುದು ಅಳತೆಯಲ್ಲಿ. ನಮ್ಮಲ್ಲಿ ಮೈಯಳತೆ ಇಂಚಿನಲ್ಲಿ, ಬಟ್ಟೆಯ ಉದ್ದ ಮೀಟರಿನಲ್ಲಿ, ಪನ್ನ, ಅಂದರೆ ಬಟ್ಟೆಯ ಅಗಲ, ಮತ್ತೆ ಇಂಚಿನಲ್ಲಿ. ಆ ಆ್ಯಪ್‌ನಲ್ಲಿದ್ದದ್ದು ಒಂದೇ ಸ್ವಿಚ್: ಒಂದೋ ಎಲ್ಲವೂ ಗಜ ಮತ್ತು ಇಂಚು, ಇಲ್ಲವೋ ಎಲ್ಲವೂ ಮೀಟರ್ ಮತ್ತು ಸೆಂಟಿಮೀಟರ್. ಅಂಗಡಿಯವರು 44 ಇಂಚು ಅಂದದ್ದನ್ನು 112 ಸೆಂ.ಮೀ. ಎಂದು ತಿದ್ದಿ ಹಾಕುತ್ತ ಕೂರಬೇಕು. ಉಡುಪಿನ ಬಗೆಗಳ ಪಟ್ಟಿಯಲ್ಲಿ ಫ್ರಾಕು, ಸ್ಕರ್ಟು, ಕೋಟು ಇದ್ದವು. ಸೀರೆಯ ಜೊತೆ ಬರುವ ಬ್ಲೌಸ್ ಪೀಸಿಗೆ, ಫಾಲ್‌ಗೆ, ಕೊಡವ ಗಂಡಸರು ತೊಡುವ ಕುಪ್ಯಕ್ಕೆ ಜಾಗವೇ ಇಲ್ಲ, ಎಲ್ಲವೂ 'ಇತರೆ'. ಪಟ್ಟಿಯ ಮುಕ್ಕಾಲು ಪಾಲು 'ಇತರೆ' ಆದ ಮೇಲೆ ಹುಡುಕುವುದೇನನ್ನು?

ಇನ್ನು ಕಟ್ಟುವ ಕ್ರಮ. ಒಂದೇ ಫೈಲಿನಲ್ಲಿ ನಾಲ್ಕು ಹಾಳೆ: ಬಟ್ಟೆ, ಕತ್ತರಿಸಿದ್ದು, ಪ್ಯಾಟರ್ನ್, ಕೆಲಸ. ಎರಡನೆಯದನ್ನು ಬಿಟ್ಟು ಮೂರೇ ಹಾಳೆ ಇಡುವವರು ಹೆಚ್ಚು, ಎಡವುವುದೂ ಅಲ್ಲೇ. ಒಂದು ಬ್ಲೌಸ್ ಅಂದರೆ ಮೇಲ್ಬಟ್ಟೆ, ಲೈನಿಂಗ್, ಪೈಪಿಂಗಿಗೆ ಒಂದು ಚೂರು, ಹೀಗೆ ಮೂರು ಬಟ್ಟೆ. ಮೂರನ್ನೂ ಕೆಲಸದ ಒಂದೇ ಸಾಲಿನಲ್ಲಿ ತುರುಕಿದರೆ ಯಾವುದು ಎಷ್ಟು ಖರ್ಚಾಯಿತು ಅಂತ ಶೀಟ್‌ಗೆ ಕೂಡಿಸಲು ಬರುವುದಿಲ್ಲ. ಕತ್ತರಿ ಬಿದ್ದ ಪ್ರತಿ ಸಲಕ್ಕೂ ಒಂದು ಸಾಲು ಬೇಕು: ತಾರೀಖು, ಬಟ್ಟೆ ನಂಬರ್, ಕೆಲಸದ ನಂಬರ್, ತೆಗೆದ ಉದ್ದ. ಬಟ್ಟೆ ಹಾಳೆಯ 'ಉಳಿಕೆ' ಕಂಬದಲ್ಲಿ ಸಮ್‌ಇಫ್ (SUMIF, ಹೊಂದುವ ಸಾಲುಗಳನ್ನಷ್ಟೇ ಕೂಡಿಸುವ) ಸೂತ್ರ ಹಾಕಿ, ಕೊಂಡ ಉದ್ದದಿಂದ ಆ ನಂಬರಿನ ಒಟ್ಟು ಬಳಕೆಯನ್ನು ಕಳೆದುಬಿಟ್ಟರೆ ಉಳಿದದ್ದು ತಾನಾಗಿ ಬರುತ್ತದೆ. ಕೈಯಿಂದ ಉಳಿಕೆ ತಿದ್ದುವ ಅಭ್ಯಾಸವನ್ನು ಮೊದಲ ದಿನವೇ ಬಿಡಬೇಕು.

ಸೂತ್ರಕ್ಕೆ ತಿಳಿಯದ ಒಂದು ಸಂಗತಿ ಇದೆ: ಉಳಿದ ತುಂಡಿನ ಆಕಾರ. 60 ಸೆಂ.ಮೀ. ಉಳಿದಿದೆ ಅಂತ ಶೀಟ್ ಹೇಳುತ್ತದೆ, ತೆಗೆದು ನೋಡಿದರೆ ಅರ್ಧ ಪನ್ನ ಮಾತ್ರ ಇದೆ, ಮೂಲೆಯಲ್ಲಿ ತೋಳು ಕತ್ತರಿಸಿಕೊಂಡಾಗಿದೆ. ಹಾಗಾಗಿ 'ಉಳಿಕೆ' ಅಂದರೆ ಪೂರ್ತಿ ಪನ್ನ ಇರುವ ಉದ್ದ ಮಾತ್ರ ಎಂದು ನಿಯಮ ಮಾಡಿಕೊಳ್ಳಿ. ಪಕ್ಕದಲ್ಲಿ ಉಳಿದ ಒಳ್ಳೆಯ ಚೂರಿಗೆ ಹೊಸ ನಂಬರ್ ಕೊಟ್ಟು ಉದ್ದ, ಅಗಲ ಎರಡನ್ನೂ ಬರೆಯಿರಿ. 8 ಇಂಚಿಗಿಂತ ಕಡಿಮೆಯದನ್ನು ಪಟ್ಟಿಗೆ ಸೇರಿಸಬೇಡಿ, ಅದು ಚೀಲಕ್ಕೆ.

ಬಟ್ಟೆ ಹಾಳೆಯ ಕಂಬಗಳು: ನಂಬರ್, ಬಗೆ, ಬಣ್ಣ, ಪನ್ನ, ಕೊಂಡ ಉದ್ದ, ಉಳಿಕೆ, ನೀರಿಗೆ ಹಾಕಿದೆಯೋ ಇಲ್ಲವೋ, ಎಲ್ಲಿದೆ, ಫೋಟೋ ಕೊಂಡಿ. ಪನ್ನ ಬರೆಯದ ಬಟ್ಟೆಯ ಲೆಕ್ಕ ಲೆಕ್ಕವೇ ಅಲ್ಲ. 58 ಇಂಚಿನಲ್ಲಿ 2 ಮೀಟರ್ ಸಾಕಾಗುವ ಉಡುಪಿಗೆ 44 ಇಂಚಿನಲ್ಲಿ ಬರೀ ವಿಸ್ತೀರ್ಣದ ಲೆಕ್ಕಕ್ಕೇ 2.64 ಮೀಟರ್ ಬೇಕು. ಭಾಗಗಳನ್ನು ಹಾಸಿ ನೋಡಿದಾಗ ಇನ್ನೂ ಹೆಚ್ಚು ಹಿಡಿಯಬಹುದು. ಕುಪ್ಯದಲ್ಲಂತೂ ಇದು ಎದ್ದು ಕಾಣುತ್ತದೆ. ಮುಂಭಾಗ ಒಂದರ ಮೇಲೊಂದು ಬರುವ ಉಡುಪು ಅದು, ಉದ್ದವೂ ಮೊಣಕಾಲಿನವರೆಗೆ. 58 ಇಂಚಿನ ಸೂಟಿಂಗ್‌ನಲ್ಲಿ ಮಧ್ಯಮ ಮೈಕಟ್ಟಿಗೆ 2.5 ಮೀಟರ್ ಅಂತ ನನ್ನ ಹಾಳೆಯಲ್ಲಿದೆ. 36 ಇಂಚಿನ ಬಟ್ಟೆಯಾದರೆ ಜೋಡಣೆ ಎಲ್ಲಿ ಬೀಳುತ್ತದೆ ಎಂಬುದನ್ನು ಕತ್ತರಿಸುವ ಮೊದಲೇ ಯೋಚಿಸಬೇಕು.

'ನೀರಿಗೆ ಹಾಕಿದೆ' ಕಂಬವನ್ನು ಹೌದು, ಇಲ್ಲ, ಬೇಡ ಎಂಬ ಮೂರು ಆಯ್ಕೆಯ ಡ್ರಾಪ್‌ಡೌನ್ ಮಾಡಿ. 'ಬೇಡ' ಅನ್ನುವುದು ಜರಿಯ ರೇಷ್ಮೆಯಂಥವಕ್ಕೆ. 'ಇಲ್ಲ' ಅಂದಿರುವ ಹತ್ತಿಯ ಉಳಿಕೆಯನ್ನು 0.95ರಿಂದ ಗುಣಿಸುವ ಇನ್ನೊಂದು ಕಂಬ ಇಟ್ಟರೆ ಶೇ. 5ರಷ್ಟು ಕುಗ್ಗುವುದನ್ನು ಮೊದಲೇ ಹಿಡಿದಂತಾಗುತ್ತದೆ. ಲೈನಿಂಗ್ ಕುಗ್ಗಿ ಮೇಲ್ಬಟ್ಟೆ ಕುಗ್ಗದಿದ್ದರೆ ಬ್ಲೌಸಿನ ಕಂಕುಳಲ್ಲಿ ಸುಕ್ಕು ಬೀಳುವುದು ಎಲ್ಲರಿಗೂ ಗೊತ್ತಿರುವ ಕಥೆ. ಫಾಲ್ ಬಟ್ಟೆಗೂ ಇದೇ ಮಾತು: ನೆನೆಸದೆ ಹಾಕಿದರೆ ಮೊದಲ ಒಗೆತಕ್ಕೇ ಸೀರೆಯ ಅಂಚು ನೆರಿಗೆಗಟ್ಟುತ್ತದೆ.

ಕೆಲಸದ ಹಾಳೆಯಲ್ಲಿ ಬೇಕಾದ ಉದ್ದದ ಪಕ್ಕ ಇರುವ ಉದ್ದ ಬರುವಂತೆ ಮಾಡಿ, ಕಡಿಮೆಯಿದ್ದರೆ ಕೆಂಪಾಗುವಂತೆ ಕಂಡಿಷನಲ್ ಫಾರ್ಮ್ಯಾಟಿಂಗ್ ಹಾಕಿ. ಇಡೀ ವ್ಯವಸ್ಥೆಯಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಈ ಒಂದು ಕೆಂಪು ಬಣ್ಣ. ಸೀರೆಯ ಜೊತೆಗೆ ಬರುವ ಪೀಸು ಸಾಮಾನ್ಯವಾಗಿ 80 ಸೆಂ.ಮೀ., ಗಿಡ್ಡ ತೋಳಿಗೆ ಸರಿಹೋಗುತ್ತದೆ. ಕೊಡವ ಶೈಲಿಯಲ್ಲಿ ಸೀರೆ ಉಡುವ ಹಿರಿಯರು ಉದ್ದ ತೋಳು ಕೇಳಿದರೆ 36 ಎದೆ ಸುತ್ತಳತೆಗೆ ಮುಕ್ಕಾಲು ತೋಳಿಗೇ 1 ಮೀಟರ್, ಪೂರ್ತಿ ತೋಳಿಗೆ 1.25 ಹಿಡಿಯುವುದು ಕ್ಷೇಮ. ಬಟ್ಟೆ ಕೊಡಲು ಬಂದವರು ಎದುರಿಗಿರುವಾಗಲೇ ಕೆಂಪು ಕಂಡರೆ ಮಾತು ಅಲ್ಲೇ ಮುಗಿಯುತ್ತದೆ. ಇದೇ ಹಾಳೆಯಲ್ಲಿ 'ಉಡುವ ಬಗೆ' ಅಂತಲೂ ಒಂದು ಕಂಬ ಬೇಕು. ನೆರಿಗೆ ಹಿಂದಕ್ಕೆ ಹೋಗುವ ಕೊಡವ ಉಡುಗೆಗೂ ಮುಂದೆ ಬರುವ ಉಡುಗೆಗೂ ಫಾಲ್ ಶುರುವಾಗುವ ಜಾಗವನ್ನು ಕೇಳಿಯೇ ಗುರುತಿಸಬೇಕು.

ಶೀಟ್ಸ್‌ನ ಕಿರಿಕಿರಿಗಳಿಗೆ ಬರೋಣ. ಮೊದಲನೆಯದು ಭಿನ್ನರಾಶಿ. ಕೋಶದಲ್ಲಿ 3/4 ಎಂದು ಬರೆದರೆ ಅದನ್ನು ತಾರೀಖು ಎಂದುಕೊಂಡುಬಿಡುತ್ತದೆ. ಮುಕ್ಕಾಲು ಇಂಚು ಏಪ್ರಿಲ್ 3 ಆಗಿ ಕೂತಿರುತ್ತದೆ. ಅಳತೆಗಳನ್ನು ದಶಮಾಂಶದಲ್ಲೇ ಹಾಕಿ: ಅರೆಕಾಲು (1/8) 0.125, ಕಾಲು 0.25, ಮುಕ್ಕಾಲು 0.75. 'ಪ್ಲೇನ್ ಟೆಕ್ಸ್ಟ್' ಮಾಡಿದರೆ 14 1/2 ಹಾಗೆಯೇ ನಿಲ್ಲುತ್ತದೆ ನಿಜ, ಆದರೆ ಅದನ್ನು ಕೂಡಿಸಿ ಕಳೆಯಲು ಬರುವುದಿಲ್ಲ.

ಎರಡನೆಯದು ಕನ್ನಡದಲ್ಲಿ ಬರೆಯುವವರಿಗೆ ಮಾತ್ರ ಎದುರಾಗುವಂಥದ್ದು. 'ಲೈನಿಂಗ್' ಒಂದು ಕಡೆ, 'ಲೈನಿಂಗು' ಇನ್ನೊಂದು ಕಡೆ ಆದರೆ ಶೀಟ್‌ಗೆ ಅವು ಎರಡು ಬೇರೆ ಬಟ್ಟೆ. ಇದಾದರೂ ಕಣ್ಣಿಗೆ ಕಾಣುತ್ತದೆ. ಒತ್ತಕ್ಷರ ಬರದಂತೆ ತಡೆಯಲು ಕೆಲವು ಕೀಬೋರ್ಡ್‌ಗಳು ಪದದ ನಡುವೆ ಕಾಣದ ಅಕ್ಷರವೊಂದನ್ನು ಸೇರಿಸುತ್ತವೆ. ನೋಡಲು ಎರಡೂ ಪದ ಒಂದೇ, ಸಮ್‌ಇಫ್‌ಗೆ ಬೇರೆ ಬೇರೆ, ಮೊತ್ತ ಸೊನ್ನೆ. ಗಂಟೆಗಟ್ಟಲೆ ತಲೆ ಕೆರೆದುಕೊಳ್ಳುವ ಬದಲು ಬಗೆ, ಬಣ್ಣ, ಜಾಗ ಮೂರನ್ನೂ ಡ್ರಾಪ್‌ಡೌನ್‌ನಿಂದಲೇ ಆರಿಸಿ. ಕೈಯಿಂದ ಟೈಪ್ ಮಾಡುವುದು ಅಂಕಿಗಳನ್ನು ಮಾತ್ರ. ನಂಬರುಗಳನ್ನೂ 114, 115 ಹೀಗೆ ಸರಳವಾಗಿಡಿ. ರೇಷ್ಮೆಗೆ ಒಂದು ಅಕ್ಷರ, ಹತ್ತಿಗೆ ಒಂದು ಅಕ್ಷರ ಎಂಬ ಶೋಕಿ ಬೇಡ.

ಮೂರನೆಯದು ಸಾರ್ಟ್. ಒಂದು ಕಂಬವನ್ನು ಮಾತ್ರ ಆಯ್ದು ರೇಂಜ್ ಸಾರ್ಟ್ ಮಾಡಿದರೆ ಆ ಕಂಬವಷ್ಟೇ ಜರುಗಿ, ಒಂದು ಬಟ್ಟೆಯ ಬಣ್ಣ ಇನ್ನೊಂದರ ನಂಬರಿನ ಎದುರು ಬರುತ್ತದೆ. ನೋಡಲಷ್ಟೇ ಬೇಕಿದ್ದರೆ ಫಿಲ್ಟರ್ ವ್ಯೂ ಬಳಸಿ, ಅಸಲು ಸಾಲುಗಳು ಕದಲುವುದಿಲ್ಲ. ಆಗಲೇ ಕೆಟ್ಟಿದ್ದರೆ ಕಂಪ್ಯೂಟರಿನಲ್ಲಿ ವರ್ಷನ್ ಹಿಸ್ಟರಿಗೆ ಹೋಗಿ ಹಿಂದಿನ ರೂಪವನ್ನು ತರಬಹುದು.

ನಾಲ್ಕನೆಯದು ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರೆಂಟ್, ನೆಟ್‌ವರ್ಕ್ ಎರಡೂ ತಮಗೆ ಬೇಕಾದಾಗ ಬರುವ ನೆಂಟರು. ಫೋನಿನ ಶೀಟ್ಸ್ ಆ್ಯಪ್‌ನಲ್ಲಿ ಆ ಫೈಲಿನ ಮೆನು ತೆರೆದು 'ಆಫ್‌ಲೈನ್‌ನಲ್ಲಿ ಲಭ್ಯ' ಎಂಬುದನ್ನು ಆನ್ ಮಾಡಿಟ್ಟರೆ ನೆಟ್ ಇಲ್ಲದೆಯೂ ಬರೆಯಬಹುದು, ಸಿಗ್ನಲ್ ಬಂದಾಗ ಸೇರಿಕೊಳ್ಳುತ್ತದೆ. ಎರಡು ಫೋನಿನಿಂದ ಒಂದೇ ಕೋಶವನ್ನು ಆಫ್‌ಲೈನ್‌ನಲ್ಲಿ ತಿದ್ದಬೇಡಿ, ಒಂದು ತಿದ್ದುಪಡಿ ಅಳಿಸಿಹೋಗುತ್ತದೆ. ಫೋಟೋ ಕೊಂಡಿಗಳು ನೆಟ್ ಇಲ್ಲದೆ ತೆರೆಯುವುದಿಲ್ಲ. ಅದಕ್ಕೇ ಡ್ರಾಪ್‌ಡೌನ್‌ನಲ್ಲಿ ಬಣ್ಣವನ್ನು ಮಾತಿನಲ್ಲಿ ಬಿಡಿಸಿ ಹೇಳಿರಬೇಕು. 'ಹಸಿರು' ಸಾಲದು, 'ಎಲೆಹಸಿರು, ಮರೂನ್ ಅಂಚು' ಅನ್ನಬೇಕು.

ಫೋಟೋ ನೋಡಿ ಬಣ್ಣ ಹೊಂದಿಸುವ ಆಸೆಯನ್ನಂತೂ ಬಿಟ್ಟುಬಿಡಿ. ಮೋಡದ ಬೆಳಕಿನಲ್ಲಿ ತೆಗೆದ ಚಿತ್ರ ನೀಲಿಯ ಕಡೆ ವಾಲುತ್ತದೆ, ಫೋನು ತನ್ನದೇ ಲೆಕ್ಕದಲ್ಲಿ ತಿದ್ದುತ್ತದೆ, ಅಂಗಡಿಯ ಎಲ್‌ಇಡಿ ಬೆಳಕಿನಲ್ಲಿ ಬಟ್ಟೆ ಇನ್ನೇನೋ ಕಾಣುತ್ತದೆ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿ.ಮೀ., ತಪ್ಪು ಲೈನಿಂಗ್ ತಂದರೆ ಬದಲಾಯಿಸಲು ಓಡುವ ದೂರವಲ್ಲ. 2 ಇಂಚಿನ ಚೂರನ್ನು ರಟ್ಟಿಗೆ ಹೊಲಿದು, ಅದೇ ನಂಬರ್ ಬರೆದು ಪರ್ಸಿನಲ್ಲಿ ಇಟ್ಟುಕೊಳ್ಳಿ. ಬಣ್ಣ ತೋರಿಸಲು ರಟ್ಟು, ಎಷ್ಟು ಬೇಕು ಎಂಬುದಕ್ಕೆ ಫೋನು.

ನಂಬರ್ ಚೀಟಿಯ ವಿಷಯದಲ್ಲೂ ಇಲ್ಲಿಯ ತೇವ ಬಿಡುವುದಿಲ್ಲ. ಕಬ್ಬಿಣದ ಗುಂಡುಸೂಜಿ ಒಂದೇ ಮಳೆಗಾಲದಲ್ಲಿ ತುಕ್ಕಿನ ಚುಕ್ಕೆ ಬಿಡುತ್ತದೆ. ಮದುಮಗನ ಬಿಳಿ ಕುಪ್ಯದ ಬಟ್ಟೆಯ ಮೇಲೆ ಆ ಚುಕ್ಕೆ ಬಿದ್ದರೆ ತೆಗೆಯುವುದು ಕಷ್ಟ. ಬಟ್ಟೆಯ ಕರೆಯಂಚಿಗೆ ದಾರದಿಂದ ಚೀಟಿ ಕಟ್ಟಿ, ಅಕ್ಷರ ಪೆನ್ಸಿಲಿನಲ್ಲಿರಲಿ. ಜರಿಯ ಸೀರೆಗಳಿಗೆ 'ಮಡಿಕೆ ಬದಲಿಸಿದ ತಿಂಗಳು' ಅಂತ ಒಂದು ಕಂಬ ಇಟ್ಟು, ಮೂರು ತಿಂಗಳು ದಾಟಿದರೆ ಹಳದಿಯಾಗುವಂತೆ ಮಾಡಿದ್ದೇನೆ. ಮಡಿಕೆ ಬದಲಿಸುವ ನೆಪದಲ್ಲಿ ಬೂಸು ಹಿಡಿದಿದೆಯೇ ಎಂದೂ ನೋಡಿದಂತಾಗುತ್ತದೆ. ಬೀರುವನ್ನೆಲ್ಲ ತೆಗೆದು ಹಾಳೆಯ ಜೊತೆ ತಾಳೆ ನೋಡಲು ಕಕ್ಕಡ ತಿಂಗಳು (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ) ಒಳ್ಳೆಯದು. ಶುಭಕಾರ್ಯಗಳಿಲ್ಲದೆ ಹೊಲಿಗೆಯೂ ಕಡಿಮೆ. ಸೆಪ್ಟೆಂಬರ್ 3ರ ಕೈಲ್ ಪೋಳ್ದ್ ಎಂಬ ಆಯುಧಪೂಜೆಯ ಹಬ್ಬ ಕಳೆದ ಮೇಲೆ ಸುಗ್ಗಿಹಬ್ಬವಾದ ಪುತ್ತರಿಗೆ, ಮದುವೆಗಳಿಗೆ ಎಂದು ಬಟ್ಟೆ ಬರಲು ಶುರುವಾದರೆ ಆಮೇಲೆ ಪುರುಸೊತ್ತಿಲ್ಲ. ಕುಶಾಲನಗರದ ಕಡೆಯವರಿಗೆ ಇಷ್ಟೊಂದು ತೇವದ ಕಾಟವಿಲ್ಲ, ಅವರು ಈ ಭಾಗವನ್ನು ಹಾರಿಸಬಹುದು.

ಪ್ಯಾಟರ್ನ್ ಹಾಳೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪಿಡಿಎಫ್‌ಗಳನ್ನು ಡ್ರೈವ್‌ನ ಒಂದೇ ಫೋಲ್ಡರಿನಲ್ಲಿಟ್ಟು ಕೊಂಡಿ ಹಾಕಿ. ಜೊತೆಗೆ ಎರಡು ವಿಷಯ ಬರೆಯಲೇಬೇಕು. ಒಂದು, ಹೊಲಿಗೆ ಅಂಚು (ಹೊಲಿಯಲೆಂದು ಸುತ್ತ ಬಿಡುವ ಹೆಚ್ಚಿನ ಬಟ್ಟೆ) ಸೇರಿದೆಯೋ ಇಲ್ಲವೋ: ಅಮೆರಿಕದ ದೊಡ್ಡ ಕಂಪನಿಗಳ ಕಾಗದದ ಪ್ಯಾಟರ್ನ್‌ಗಳಲ್ಲಿ ಸಾಮಾನ್ಯವಾಗಿ 1.5 ಸೆಂ.ಮೀ. ಸೇರಿರುತ್ತದೆ, ಬುರ್ಡಾ ಪತ್ರಿಕೆಯ ಹಾಳೆಗಳಲ್ಲಿ ಸೇರಿರುವುದಿಲ್ಲ. ಎರಡು, ಪ್ರಿಂಟ್ ಸರಿಯಾದ ಅಳತೆಗೆ ಬಂದಿದೆಯೇ ಎಂದು ನೋಡಲು ಪ್ಯಾಟರ್ನ್‌ನಲ್ಲೇ ಕೊಟ್ಟಿರುವ ಪರೀಕ್ಷಾ ಚೌಕದ ಅಳತೆ. ಅಮೆರಿಕದ ಲೆಟರ್ ಕಾಗದ 216×279 ಮಿ.ಮೀ., ನಮ್ಮ ಎ4 210×297. ಜೆರಾಕ್ಸ್ ಅಂಗಡಿಯಲ್ಲಿ 'ಫಿಟ್ ಟು ಪೇಜ್' ಇದ್ದರೆ ಚಿತ್ರ ಸದ್ದಿಲ್ಲದೆ ಕುಗ್ಗುತ್ತದೆ. 'ಆ್ಯಕ್ಚುವಲ್ ಸೈಜ್' ಅಂತ ಹೇಳಿ ಮೊದಲು ಚೌಕವಿರುವ ಪುಟ ಒಂದನ್ನೇ ತೆಗೆಸಿ, ಸ್ಕೇಲ್ ಇಟ್ಟು ನೋಡಿ, ಆಮೇಲೆ ಉಳಿದದ್ದು. ಬ್ರೌನ್ ಪೇಪರಿನಲ್ಲಿ ನೀವೇ ಬಿಡಿಸಿದ ಪ್ಯಾಟರ್ನ್‌ಗೂ 10 ಸೆಂ.ಮೀ. ಚೌಕ ಎಳೆದಿಡಿ, ಕಾಗದ ತೇವ ಹೀರಿ ಹಿಗ್ಗಿದ್ದರೆ ಅದು ಹೇಳುತ್ತದೆ. ಪದೇ ಪದೇ ಬಳಸುವವನ್ನು ದಪ್ಪ ರಟ್ಟಿಗೆ ದಾಟಿಸುವುದೇ ವಾಸಿ.

ಜಾಗದ ಲೆಕ್ಕ: ಉಚಿತ 15 ಜಿಬಿ ಜಿಮೇಲ್, ಫೋಟೋಸ್, ಡ್ರೈವ್ ಮೂರಕ್ಕೂ ಸೇರಿ. 4 ಎಂಬಿಯ 300 ಚಿತ್ರಗಳು 1.2 ಜಿಬಿ ನುಂಗುತ್ತವೆ, ಸಣ್ಣದು ಮಾಡಿಯೇ ಹಾಕಿ. ತಿಂಗಳಿಗೊಮ್ಮೆ ಫೈಲಿನ ಪ್ರತಿ ಇಳಿಸಿಡುವಾಗ ಎಕ್ಸೆಲ್ ರೂಪವನ್ನೇ ಆರಿಸಿ. ಸಿಎಸ್‌ವಿ ಆರಿಸಿದರೆ ಒಂದು ಹಾಳೆ ಮಾತ್ರ ಇಳಿಯುತ್ತದೆ, ಎಕ್ಸೆಲ್‌ನಲ್ಲಿ ನೇರ ತೆರೆದಾಗ ಕನ್ನಡ ಅಕ್ಷರಗಳು ಕಲಸುಮೇಲೋಗರ ಆಗುವುದೂ ಉಂಟು.

ಫೋನಿನಲ್ಲಿ ಅಡ್ಡ ಸಾಲುಗಳನ್ನು ಎಳೆದಾಡುವುದು ಬೇಸರವೆನಿಸಿದರೆ ಇದೇ ಫೈಲಿನ ಮೇಲೆ ಗೂಗಲ್ಲಿನದೇ ಆ್ಯಪ್ ಕಟ್ಟುವ ಸಾಧನವಾದ ಆ್ಯಪ್‌ಶೀಟ್‌ನಲ್ಲಿ ಫಾರಂ ಕಟ್ಟಬಹುದು. ಮುಂದೆ ಶೀಟ್‌ಗೆ ಹೊಸ ಕಂಬ ಸೇರಿಸಿದಾಗಲೆಲ್ಲ ಅಲ್ಲಿಯೂ ರಚನೆಯನ್ನು ಮರುಓದಿಸಬೇಕು, ಪ್ರತಿ ಸಾಲನ್ನು ಗುರುತಿಸುವ ಕೀ ಆಗಿ ಸಾಲಿನ ಸಂಖ್ಯೆಯ ಬದಲು ಬಟ್ಟೆ ನಂಬರನ್ನೇ ಕೊಡಬೇಕು. ವರ್ಷಕ್ಕೆ ಹತ್ತಿಪ್ಪತ್ತು ಬ್ಲೌಸ್ ಹೊಲಿಯುವವರಿಗೆ ಇದಾವುದೂ ಬೇಡ, ಒಂದು ನೋಟ್‌ಬುಕ್ ಸಾಕು.

ಮೈಯಳತೆಗಳನ್ನು ಮಾತ್ರ ಈ ಫೈಲಿನಲ್ಲಿ ಇಡಬೇಡಿ. ಬಟ್ಟೆ ಪಟ್ಟಿಯನ್ನು ಯಾರಿಗೋ ತೋರಿಸಲು 'ಕೊಂಡಿ ಇರುವ ಯಾರಾದರೂ' ಎಂದು ಹಂಚಿದರೆ ಫೈಲಿನ ಎಲ್ಲ ಹಾಳೆಗಳೂ ಅವರಿಗೆ ತೆರೆದುಕೊಳ್ಳುತ್ತವೆ. ಹಾಳೆಯನ್ನು ಬಚ್ಚಿಟ್ಟರೂ ಪ್ರತಿ ಮಾಡಿಕೊಂಡವರಿಗೆ ಸಿಗುತ್ತದೆ. ಹೆಸರು, ಫೋನ್ ನಂಬರ್, ಅಳತೆ ಬೇರೆ ಫೈಲಿನಲ್ಲಿರಲಿ, ಕೆಲಸದ ಹಾಳೆಯಲ್ಲಿ ಗಿರಾಕಿಯ ಸಂಖ್ಯೆ ಒಂದಿದ್ದರೆ ಸಾಕು.