ಎಐಸಿ, ಬಿಐಸಿ, ಎಐಸಿಸಿ: ನಮ್ಮನೆ ತೋಟದ ಲೆಕ್ಕಕ್ಕೆ ಯಾವುದು ಒಗ್ಗಿತು

ಒಂದೇ ಅಂಕಿಗಳ ಮೇಲೆ ಕಟ್ಟಿದ ನಾಲ್ಕೈದು ಅಂದಾಜು ಸೂತ್ರಗಳಲ್ಲಿ (ಮಾಡೆಲ್‌ಗಳಲ್ಲಿ) ಯಾವುದನ್ನು ನಂಬಬೇಕು ಅಂತ ಆರಿಸಲು ಸಂಖ್ಯಾಶಾಸ್ತ್ರದಲ್ಲಿ ಬಳಸುವ ಅಳತೆಗಳು ಇವು ಮೂರು. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಎಐಸಿಸಿಗೆ. ಎಐಸಿ ನೋಡಿಕೊಂಡು ಹೋದ ವರ್ಷ ಅಡಿಕೆ ಕೊಳೆಸಿಕೊಂಡವನು ನಾನು.

ಶಿರಸಿ ಹತ್ತಿರ ನಮ್ಮದು ಸಣ್ಣ ತೋಟ. ಅಪ್ಪ 22 ವರ್ಷದಿಂದ ಮಳೆ ಲೆಕ್ಕ ಬರೆದಿಟ್ಟಿದ್ದಾನೆ: ಎಷ್ಟು ಮಳೆ, ಎಷ್ಟು ದಿನ ಬಿಸಿಲೇ ಬರಲಿಲ್ಲ, ಕೊಳೆರೋಗಕ್ಕೆ ಎಷ್ಟು ಕೆಜಿ ಹೋಯಿತು. ಅದನ್ನೆಲ್ಲ ವರ್ಷಕ್ಕೊಂದು ಸಾಲಿನಂತೆ ಆರ್ ಅನ್ನುವ ಲೆಕ್ಕದ ತಂತ್ರಾಂಶಕ್ಕೆ ತುಂಬಿ, ನಷ್ಟ ಅಂದಾಜು ಮಾಡುವ ನಾಲ್ಕೈದು ಮಾಡೆಲ್ ಕಟ್ಟಿದೆ. ಎರಡನೇ ಸಲ ಬೋರ್ಡೋ (ಕೊಳೆರೋಗ ತಡೆಯುವ ಮೈಲುತುತ್ತ-ಸುಣ್ಣದ ಔಷಧಿ) ಹೊಡೆಸಬೇಕೋ ಬೇಡವೋ ಅಂತ ಅದನ್ನೇ ಕೇಳುವ ಆಸೆ.

ಮೂರೂ ಅಳತೆಯ ಬುಡ ಒಂದೇ. ಮಾಡೆಲ್ ಅಂಕಿಗಳಿಗೆ ಎಷ್ಟು ಹೊಂದಿತು ಅಂತ ನೋಡಿ, ಒಂದೊಂದು ಪ್ಯಾರಾಮೀಟರ್‌ಗೂ (ಅಂಕಿಗಳಿಂದ ಮಾಡೆಲ್ ಅಂದಾಜಿಸಬೇಕಾದ ಒಂದೊಂದು ಸಂಖ್ಯೆಗೂ) ದಂಡ ಹಾಕುತ್ತವೆ. ಕಡಿಮೆ ಬಂದದ್ದು ಗೆದ್ದಂತೆ. ಜಪಾನಿನ ಸಂಖ್ಯಾಶಾಸ್ತ್ರಜ್ಞ ಅಕಾಇಕೆಯ ಎಐಸಿ ಒಂದೊಂದಕ್ಕೂ 2 ಅಂಕ ದಂಡ ಹಾಕುತ್ತದೆ. 1978ರಲ್ಲಿ ಶ್ವಾರ್ಟ್ಸ್ ಕೊಟ್ಟ ಬಿಐಸಿಯಲ್ಲಿ ಸಾಲುಗಳು ಜಾಸ್ತಿಯಾದಷ್ಟೂ ದಂಡವೂ ಏರುತ್ತದೆ. 8 ಸಾಲು ಆದರೆ ಸಾಕು, ಎಐಸಿಗಿಂತ ಅದೇ ಕಟ್ಟುನಿಟ್ಟು. ಎಐಸಿಸಿ ಅಂದರೆ ಸಾಲು ಕಡಿಮೆ ಇದ್ದವರಿಗೆ ತಿದ್ದಿಕೊಟ್ಟ ಎಐಸಿ.

ನಾನು ಎಡವಿದ್ದು ಇಲ್ಲಿ. ಒಂದು ಮಳೆಗಾಲದಲ್ಲಿ ಮಾಡು ಸೋರಿ ಅಪ್ಪನ ಪಟ್ಟಿ ನೆನೆದಿತ್ತು. ನಾಲ್ಕು ವರ್ಷದ ಜೂನ್ ಪುಟಗಳಲ್ಲಿ ಬರೀ ನೀಲಿ ಕಲೆ. ಪಟ್ಟಿಯ ಆ ಚೌಕಗಳನ್ನು ಖಾಲಿ ಬಿಟ್ಟೆ. ಜೂನ್ ಮಳೆ ಸೇರಿಸಿದ ದೊಡ್ಡ ಮಾಡೆಲ್ ಓಡಿಸಿದಾಗ ಆರ್ ಆ ನಾಲ್ಕು ಸಾಲನ್ನು ಸುಮ್ನೆ ಕೈಬಿಟ್ಟಿತು. ಉಳಿದ ಮಾಡೆಲ್‌ಗಳು 22 ಸಾಲಿನ ಮೇಲೆ, ಇದೊಂದು 18ರ ಮೇಲೆ.

ಎಐಸಿ ಸಾಲು ಸಾಲಾಗಿ ಕೂಡುತ್ತಾ ಹೋಗುವ ಲೆಕ್ಕ. ನನ್ನ ನಷ್ಟ ಕೆಜಿಯಲ್ಲಿತ್ತು, ಒಂದೊಂದು ಸಾಲಿಗೆ ಹತ್ತು ಹನ್ನೊಂದು ಅಂಕ ಬೀಳುತ್ತಿತ್ತು. ನಾಲ್ಕು ಸಾಲು ಬಿಟ್ಟುಹೋದರೆ ನಲವತ್ತಕ್ಕೂ ಮೇಲೆ ಇಳಿಯದೆ ಇರುತ್ತದಾ? ನಾನು ಅದನ್ನು ಮಾಡೆಲ್‌ನ ಜಾಣತನ ಅಂದುಕೊಂಡೆ. ಎರಡು ಮಾಡೆಲ್‌ಗಳನ್ನು ಒಂದೇ ಆಜ್ಞೆಯಲ್ಲಿ ಕೊಟ್ಟಿದ್ದರೆ ಆರ್ ಎಚ್ಚರಿಸುತ್ತಿತ್ತು. ನಾನೋ, ಒಂದೊಂದಾಗಿ ಕೇಳಿ ಕಾಗದದಲ್ಲಿ ಬರೆದುಕೊಂಡವನು.

ಗೆದ್ದ ಮಾಡೆಲ್ ಜೂನ್ ಕಡಿಮೆ ಸುರಿದರೆ ಭಯವಿಲ್ಲ ಅಂದಿತು. ಜೂನ್ ಕಡಿಮೆಯೇ ಸುರಿಯಿತು. "ಎರಡನೇ ಔಷಧಿ ಬೇಡ" ಅಂದೆ. "ಖರೇನಾ ತಮಾ?" ಅಂತ ಅಪ್ಪ ಎರಡು ಸಲ ಕೇಳಿದ. ಜುಲೈಯಲ್ಲಿ ಜಡಿಮಳೆ ಹಿಡಿಯಿತು. ಆಗಸ್ಟಿನಲ್ಲಿ ಮರದ ಬುಡ ತುಂಬ ಹಸಿ ಅಡಿಕೆ, ಮೇಲೆ ಬಿಳಿ ಬೂಸ್ಟು, ಆ ವಾಸನೆ.

ಆಮೇಲೆ ಎಲ್ಲ ಮಾಡೆಲ್‌ಗಳನ್ನೂ ಅದೇ 18 ಸಾಲಿನ ಮೇಲೆ ಮತ್ತೆ ಓಡಿಸಿದೆ. ದೊಡ್ಡದರಲ್ಲಿ 9 ಪ್ಯಾರಾಮೀಟರ್. ಸಣ್ಣದರಲ್ಲಿ 4: ಜುಲೈ ಮೊದಲ ಹದಿನೈದು ದಿನದ ಮಳೆ, ಆಗ ಬಿಸಿಲು ಬಾರದ ದಿನ, ಜೊತೆಗೆ ಇಂಟರ್ಸೆಪ್ಟ್ (ಲೆಕ್ಕ ಶುರುವಾಗುವ ಬುಡದ ಅಂಕಿ) ಮತ್ತು ವೇರಿಯನ್ಸ್ (ಅಂದಾಜು ಎಷ್ಟು ಆಚೀಚೆ ಆಗುತ್ತದೆ ಅನ್ನುವ ಅಳತೆ). (ವೇರಿಯನ್ಸ್ ಎಣಿಸಲು ಮರೆಯುವವರೇ ಜಾಸ್ತಿ.) ಎಐಸಿ ಆಗಲೂ ದೊಡ್ಡದನ್ನೇ ಆರಿಸಿತು, 2 ಅಂಕದಿಂದ. ಬಿಐಸಿ ಸಣ್ಣದರ ಕಡೆ ವಾಲಿತು, ಬರೀ ಎರಡೂವರೆ ಅಂಕದಿಂದ. ಎಐಸಿಸಿ ಮಾತ್ರ 17 ಅಂಕದಿಂದ ಸಣ್ಣದು ಅಂದಿತು. 18 ಸಾಲಿಗೆ 9 ಪ್ಯಾರಾಮೀಟರ್ ಅಂದರೆ ಅದರ ದಂಡ 40 ದಾಟುತ್ತದೆ. ಎಐಸಿಯಲ್ಲಿ ಅದೇ 18.

ಬಿಐಸಿ ಕೆಟ್ಟದ್ದಲ್ಲ. ಕಾರವಾರದಲ್ಲಿ ಮೀನು ಇಳಿಸುವ ಲೆಕ್ಕ ನೋಡುವ ಗೆಳೆಯನಿಗೆ ದಿನಕ್ಕೊಂದು ಸಾಲು, ಸಾವಿರಗಟ್ಟಲೆ. ಅವನಿಗೆ ಬೇಕಾದದ್ದು ನಿಜವಾಗಿ ಯಾವ ಕಾರಣ ಕೆಲಸ ಮಾಡುತ್ತಿದೆ ಅನ್ನುವುದು. ಅವನು ಬಿಐಸಿ ಬಿಡುವುದಿಲ್ಲ. ನನಗೆ ಮುಂದಿನ ಮಳೆಗಾಲದ ಅಂದಾಜು ಸಾಕು, ನನ್ನ ಪಟ್ಟಿಗೆ ವರ್ಷಕ್ಕೆ ಸೇರುವುದು ಒಂದೇ ಸಾಲು.

"ಎಐಸಿಸಿ 200 ಅಂದ್ರೆ ಒಳ್ಳೇದಾ?" ಅಂತ ಅಪ್ಪ ಕೇಳಿದ. ಬಿಡಿ ಅಂಕಿಗೆ ಅರ್ಥವಿಲ್ಲ, ಕೆಜಿ ಬದಲು ಕ್ವಿಂಟಾಲ್ ಹಾಕಿದರೆ ಅದೂ ಬದಲಾಗುತ್ತದೆ, ನೋಡಬೇಕಾದದ್ದು ವ್ಯತ್ಯಾಸ ಅಂದೆ. ತಲೆ ಆಡಿಸಿದ. ಈ ಸಲ ಔಷಧಿ ಎರಡು ಸಲವೂ ಹೊಡೆಸಿದ್ದೇವೆ. ಅಪ್ಪ ಈಗ ಮಳೆ ಲೆಕ್ಕ ಬರೆಯುವುದು ಪೆನ್ಸಿಲ್‌ನಲ್ಲಿ.