ಎರಡು ಸಾಲಿನ ಸೈಂಟಿಫಿಕ್ ಕ್ಯಾಲ್ಕುಲೇಟರ್: ಕೊಡಗಿನ ಮೂರು ಮಳೆಗಾಲ ಕಂಡ ಮೇಲೆ

ಹತ್ತನೇ ತರಗತಿಯ ತ್ರಿಕೋನಮಿತಿಗೆಂದು ಕೊಂಡದ್ದು. ಮೊದಲೇ ಹೇಳಿಬಿಡುವುದು ಒಳ್ಳೆಯದು: ಎಸ್ಸೆಸ್ಸೆಲ್ಸಿ ಗಣಿತ ಪರೀಕ್ಷೆಗೆ ಇದನ್ನು ಒಯ್ಯುವಂತಿಲ್ಲ. ಅಲ್ಲಿ 5/3 ಅಂತಲೋ 2/√3 ಅಂತಲೋ ಬರೆಯಬೇಕು, 1.666666667 ಅಲ್ಲ. ಹಾಗಾಗಿ ಕೈಯಲ್ಲಿ ಮಾಡಿದ ಲೆಕ್ಕ ತಾಳೆ ನೋಡುವುದಕ್ಕೆ ಮಾತ್ರ ಕೊಳ್ಳಿ. ಆ ಕೆಲಸಕ್ಕೆ 5ರಲ್ಲಿ 4 ಅಂಕ ಕೊಡಬಹುದು.

ಗುಂಡಿ ಇರುವುದು ಸೈನ್, ಕಾಸ್, ಟ್ಯಾನ್‌ಗೆ ಮಾತ್ರ. ಕೊಸೆಕ್, ಸೆಕ್, ಕಾಟ್ ಬೇಕಾದರೆ ವ್ಯುತ್ಕ್ರಮ (1ನ್ನು ಆ ಬೆಲೆಯಿಂದ ಭಾಗಿಸಿದ್ದು) ನಾವೇ ತೆಗೆಯಬೇಕು. ಕಲಿಯುವವರಿಗೆ ಇದು ಕೊರತೆಯಲ್ಲ, ಲಾಭ. ಯಾವುದರ ವ್ಯುತ್ಕ್ರಮ ಯಾವುದು ಎಂದು ಪ್ರತಿ ಸಲವೂ ನೆನೆಯಬೇಕಾಗುತ್ತದೆ. ಕೊಸೆಕ್ ಅಂದರೆ ಕಾಸ್‌ನ ಜೋಡಿ ಎಂದುಕೊಳ್ಳುವುದು ಎಲ್ಲರೂ ಮಾಡುವ ತಪ್ಪು. ಪೂರ್ತಿ ಹೆಸರು ಹೇಳಿ ನೋಡಿ: ಸೈನ್–ಕೊಸೆಕೆಂಟ್, ಕೊಸೈನ್–ಸೆಕೆಂಟ್, ಟ್ಯಾಂಜೆಂಟ್–ಕೊಟ್ಯಾಂಜೆಂಟ್. ಪ್ರತಿ ಜೋಡಿಯಲ್ಲೂ ‘ಕೊ’ ಒಂದೇ ಕಡೆ.

ಇನ್ನು ಗುಂಡಿಯ ಎಡವಟ್ಟುಗಳು. ಶಿಫ್ಟ್ ಒತ್ತಿ ಸೈನ್ ಒತ್ತಿದರೆ ಬರುವ ‘ಸೈನ್ ಮೇಲೆ ಮೈನಸ್ ಒಂದು’ ಕೊಸೆಕ್ ಅಲ್ಲ, ಅದು ಅನುಪಾತದಿಂದ ಕೋನ ಹುಡುಕುವ ಗುಂಡಿ. ಅದಕ್ಕೆ 0.5 ಕೊಟ್ಟರೆ 30 ಬರುತ್ತದೆ, 30 ಕೊಟ್ಟರೆ ಎರರ್. ಕೊಸೆಕ್ 30°ಗೆ ಬೇರೆಯಾಗಿರುವ ‘ಎಕ್ಸ್ ಮೇಲೆ ಮೈನಸ್ ಒಂದು’ ಗುಂಡಿ ಬೇಕು, ಅದರಲ್ಲೂ ಕ್ರಮ ಮುಖ್ಯ. ಸೈನ್, 30, ಆಮೇಲೆ ನೇರವಾಗಿ ಈ ಗುಂಡಿ ಒತ್ತಿದರೆ ಯಂತ್ರ ಮೊದಲು 30ನ್ನೇ ತಿರುಗಿಸಿ 0.00058 ತೋರಿಸುತ್ತದೆ. ಸೈನ್ 30 ಆದ ಮೇಲೆ ‘=’ ಒತ್ತಿ, 0.5 ಕಂಡ ನಂತರ ವ್ಯುತ್ಕ್ರಮ ಒತ್ತಿ: 2.

ಕಾಟ್ 90° ಸೊನ್ನೆ. ಆದರೆ 1 ಭಾಗಿಸು ಟ್ಯಾನ್ 90 ಎಂದರೆ ಎರರ್ ಬರುತ್ತದೆ, ಯಾಕೆಂದರೆ ಟ್ಯಾನ್ 90°ಗೆ ಬೆಲೆಯೇ ಇಲ್ಲ. ಅಲ್ಲಿ ಕಾಸ್ ಭಾಗಿಸು ಸೈನ್ ಮಾಡಬೇಕು.

ಪರದೆಯ ಮೇಲೆ ಡಿಗ್ರಿಯ ಗುರುತಾದ ಸಣ್ಣ ‘ಡಿ’ ಇದೆಯೇ ಎಂದು ನೋಡದೆ ಶುರು ಮಾಡಬೇಡಿ. ಯಾರೋ ಮೋಡ್ ಒತ್ತಿ ಕೋನದ ಇನ್ನೊಂದು ಅಳತೆಯಾದ ರೇಡಿಯನ್‌ಗೆ ಹಾಕಿಟ್ಟರೆ ಸೈನ್ 30 ಎಂಬುದು -0.988 ಆಗುತ್ತದೆ. ಮೈನಸ್ ಇರುವುದರಿಂದ ಇದು ಸಿಕ್ಕಿಬೀಳುತ್ತದೆ, ಲಂಬಕೋನವನ್ನು ನೂರು ಭಾಗ ಮಾಡುವ ಗ್ರೇಡ್‌ನಲ್ಲಿದ್ದರೆ 0.454, ನೋಡಿದರೆ ಸರಿಯೇ ಅನ್ನಿಸುತ್ತದೆ!

ಇದರ ನಿಜವಾದ ಬೆಲೆ ತಿಳಿಯುವುದು ತೋಟದಲ್ಲಿ. ಪಠ್ಯದ ಚಿತ್ರದಲ್ಲಿ ನೆಲ ಸಮತಟ್ಟು, ಕೊಡಗಿನ ಕಾಫಿ ತೋಟದಲ್ಲಿ ಅಂಥ ನೆಲ ಎಲ್ಲಿದೆ? ಸಿಲ್ವರ್ ಓಕ್ ಮರವೊಂದರ ಬುಡದಿಂದ 20° ಇಳಿಜಾರಿನಲ್ಲಿ ಮೇಲಕ್ಕೆ 12 ಮೀಟರ್ ಟೇಪ್ ಎಳೆದು ನಿಂತಿದ್ದೀರಿ ಎನ್ನಿ. ಆ 12 ತ್ರಿಕೋನದ ಓರೆ ಬದಿ, ಅಂದರೆ ವಿಕರ್ಣ; ನೆಲಮಟ್ಟದ ಪಾರ್ಶ್ವ ಬಾಹುವಲ್ಲ. ಅಡ್ಡ ದೂರ 12 × ಕಾಸ್ 20° = 11.28. ಕಣ್ಣಿನ ಮಟ್ಟದಿಂದ ಮೇಲೆ ತುದಿಗೆ ಉನ್ನತ ಕೋನ 45°, ಕೆಳಗೆ ಬುಡಕ್ಕೆ ಅವನತ ಕೋನ 26.5° ಬಂದರೆ ಎತ್ತರ 11.28 × (ಟ್ಯಾನ್ 45° + ಟ್ಯಾನ್ 26.5°), ಅಂದರೆ 16.9 ಮೀಟರ್. ಕಣ್ಣಿನ ಎತ್ತರ ಬೇರೆ ಕೂಡಬೇಕಿಲ್ಲ, ಎರಡನೆಯ ಕೋನದಲ್ಲೇ ಅದು ಸೇರಿದೆ. ಇಳಿಜಾರು ಮರೆತು 12ಕ್ಕೆ ಕಣ್ಣಿನೆತ್ತರ 1.5 ಕೂಡಿದರೆ 13.5, ಮರದಿಂದ 3.4 ಮೀಟರ್ ಕಡಿದು ಹಾಕಿದಂತೆ.

ಕೋನ ಅಳೆಯಲು ಜಾಮಿಟ್ರಿ ಬಾಕ್ಸಿನ ಕೋನಮಾಪಕದ ನಡುವಿಗೆ ದಾರ ಕಟ್ಟಿ ನಟ್ಟು ಇಳಿಬಿಟ್ಟರೆ ಸಾಕು. ನೇರ ಅಂಚಿನ ಗುಂಟ ನೋಡುವಾಗ ದಾರ ತೋರಿಸುವ ಅಂಕಿಗೂ 90ಕ್ಕೂ ಇರುವ ವ್ಯತ್ಯಾಸವೇ ಕೋನ. ಆ ಕಳೆಯುವಿಕೆ ಮರೆತರೆ ಟ್ಯಾನ್ ಬದಲು ಕಾಟ್ ಸಿಗುತ್ತದೆ. 45ರಲ್ಲಿ ಎರಡೂ ಒಂದೇ ಆದ್ದರಿಂದ ತಪ್ಪು ಅಡಗಿಕೊಳ್ಳುತ್ತದೆ. ಬುಡದ ಕೋನವನ್ನು 63.5 ಎಂದು ಬರೆದಾಗ ಮಾತ್ರ ಮರ ದುಪ್ಪಟ್ಟಾಗುತ್ತದೆ, 33.9 ಮೀಟರ್.

ವ್ಯುತ್ಕ್ರಮ ಯಾಕೆ ಬೇಕು ಎಂದು ಕೇಳುವವರಿಗೆ ಮೆಣಸು ಕೊಯ್ಯುವ ಏಣಿ ತೋರಿಸಿ. 6 ಮೀಟರ್ ಎತ್ತರಕ್ಕೆ 75°ಯಲ್ಲಿ ಒರಗಿಸಲು 6 × ಕೊಸೆಕ್ 75° = 6.21 ಮೀಟರ್ ಏಣಿ ಬೇಕು. ಬುಡ 6 × ಕಾಟ್ 75°, ಅಂದರೆ 1.6 ಮೀಟರ್ ದೂರ.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವವೇ ಇದರ ಶತ್ರು. ಎರಡನೆಯ ಮಳೆಗಾಲದಲ್ಲಿ ಬ್ಯಾಟರಿಯ ಸ್ಪ್ರಿಂಗ್‌ಗೆ ಹಸಿರು ಹಿಡಿದು ಅಂಕಿಗಳು ಮಸುಕಾದವು. ಬ್ಯಾಟರಿ ತೆಗೆದು ಹಳೆ ಟೂತ್‌ಬ್ರಷ್‌ನಿಂದ ಒಣದಾಗಿ ಉಜ್ಜಿದ ಮೇಲೆ ಸರಿಹೋಯಿತು. ಈಗ ಬಳಸದ ವಾರಗಳಲ್ಲಿ ಬ್ಯಾಟರಿ ಹೊರಗಿರುತ್ತದೆ, ಯಂತ್ರ ಮುಚ್ಚಳ ಬಿಗಿಯಾದ ಡಬ್ಬದಲ್ಲಿ.